ದುಡ್ಡು ಬಂದಿದೆ, ಲೆಕ್ಕ ನೋಡುವ ಹಿರಿಯರು ನಿಲ್ಲುತ್ತಿಲ್ಲ

ಮಾರ್ಚ್ 25 ದಾಟಿತೆಂದರೆ ರಾಯಚೂರು, ಕೊಪ್ಪಳ, ಬಳ್ಳಾರಿಯ ಜಿಲ್ಲಾ ಪಂಚಾಯತಿ ಕಚೇರಿಗಳಲ್ಲಿ ಲೆಕ್ಕ ಶಾಖೆಯ ದೀಪ ರಾತ್ರಿ ಹತ್ತಾದರೂ ಆರುವುದಿಲ್ಲ. ಹೊರಗೆ ಬಿಸಿಲಿನ ಝಳ ಇಳಿದಿರುವುದಿಲ್ಲ, ಒಳಗೆ ಬಿಲ್ಲಿನ ಕಟ್ಟು ಕರಗಿರುವುದಿಲ್ಲ. ವರಾಂಡದಲ್ಲಿ ಗುತ್ತಿಗೆದಾರರು, ತಾಲ್ಲೂಕುಗಳಿಂದ ಕಾಮಗಾರಿಯ ಅಳತೆ ಪುಸ್ತಕ (ಎಂ.ಬಿ.) ಹೊತ್ತು ಬಂದ ಕಿರಿಯ ಎಂಜಿನಿಯರುಗಳು. “ಸಾಹೇಬ್ರ, ಕೆಲಸ ಮುಗ್ದು ಮೂರು ತಿಂಗ್ಳಾತ್ರಿ, ಬಿಲ್ಲು ಇನ್ನೂ ಟೇಬಲ್ ಮ್ಯಾಲೇ ಐತಿ” ಎಂದರೆ ಒಳಗಿನಿಂದ ಬರುವ ಉತ್ತರ ಹಲವು ವರ್ಷಗಳಿಂದ ಒಂದೇ: “ಹೊಸ ಸಾಹೇಬ್ರು ಈಗಷ್ಟ ಬಂದಾರ, ನೋಡ್ತಾರ ತಡೀರಿ.”

ಆ ಹೊಸ ಸಾಹೇಬರು ಜಿಲ್ಲಾ ಪಂಚಾಯತಿಯ ಮುಖ್ಯ ಲೆಕ್ಕಾಧಿಕಾರಿ. ಜಿಲ್ಲಾಧಿಕಾರಿಯ ಹೆಸರು ಊರಿಗೆಲ್ಲ ಗೊತ್ತು, ಪಂಚಾಯತಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿಯ, ಅಂದರೆ ಸಿಇಒ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಜಿಲ್ಲೆಯ ಅಭಿವೃದ್ಧಿ ಹಣದ ದೊಡ್ಡ ಪಾಲು ಯಾರ ಸಹಿ ದಾಟಿ ಹೋಗಬೇಕೋ ಅವರ ಹೆಸರು ಮಾತ್ರ ಕಚೇರಿಯ ಹೊರಗೆ ಹೆಚ್ಚು ಮಂದಿಗೆ ತಿಳಿಯದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2021-22ರವರೆಗೆ ವರ್ಷಕ್ಕೆ 1,500 ಕೋಟಿ ರೂಪಾಯಿಯ ಆಸುಪಾಸಿನಲ್ಲಿದ್ದ ಅನುದಾನ 2022-23ರಲ್ಲಿ 3,000 ಕೋಟಿಗೆ, 2023-24ರಲ್ಲಿ 5,000 ಕೋಟಿಗೆ ಏರಿತು. ಹಣ ಯಾಕೆ ಸಕಾಲಕ್ಕೆ ಖರ್ಚಾಗುವುದಿಲ್ಲ ಎಂದು ಪ್ರತಿ ವರ್ಷ ಚರ್ಚೆಯಾಗುತ್ತದೆ. ಬೈಗುಳ ಎಂಜಿನಿಯರಿಗೋ ರಾಜಕಾರಣಿಗೋ ಸಲ್ಲುತ್ತದೆ. ಆ ಹಣವನ್ನು ಪರಿಶೀಲಿಸಿ ಬಿಡುವ ಹಿರಿಯ ಲೆಕ್ಕಾಧಿಕಾರಿಯ ಸೇವಾ ಜೀವನ ಹೇಗೆ ಸಾಗುತ್ತದೆ ಎಂದು ನೋಡಿದರೆ ಉತ್ತರದ ಅರ್ಧ ಭಾಗ ಅಲ್ಲೇ ಸಿಗುತ್ತದೆ.

ಈ ಹುದ್ದೆಗೆ ಎರಡು ದಾರಿ. ಒಂದು, ಕೆಪಿಎಸ್‌ಸಿಯ ಗೆಜೆಟೆಡ್ ಪ್ರೊಬೇಷನರ್ ಪರೀಕ್ಷೆ ಬರೆದು ರಾಜ್ಯ ಲೆಕ್ಕಪತ್ರ ಸೇವೆಗೆ ನೇರವಾಗಿ ಬರುವುದು. ಮೈಸೂರಿನ ಆಡಳಿತ ತರಬೇತಿ ಸಂಸ್ಥೆ, ಬೆಂಗಳೂರಿನ ಹಣಕಾಸು ನೀತಿ ಸಂಸ್ಥೆಯಲ್ಲಿ ತರಬೇತಿ ಮುಗಿಸಿ, ಬಹುಕಾಲದಿಂದ ಸಹಾಯಕ ನಿಯಂತ್ರಕ, ಉಪ ನಿಯಂತ್ರಕ, ಜಂಟಿ ನಿಯಂತ್ರಕ ಎಂದು ಕರೆದುಕೊಂಡು ಬಂದ ಮೆಟ್ಟಿಲುಗಳನ್ನು ಹತ್ತುವುದು. ಇನ್ನೊಂದು, ದ್ವಿತೀಯ ಅಥವಾ ಪ್ರಥಮ ದರ್ಜೆ ಸಹಾಯಕರಾಗಿ ಸೇರಿ, ಇಲಾಖಾ ಪರೀಕ್ಷೆಗಳನ್ನು, ಅದರಲ್ಲೂ ‘ಅಕೌಂಟ್ಸ್ ಹೈಯರ್’ ಪಾಸು ಮಾಡಿ, ಅಧೀಕ್ಷಕರಾಗಿ, ಮುಂದೆ ಗೆಜೆಟೆಡ್ ಅಧಿಕಾರಿಯಾಗಿ ಬರುವುದು. ಎರಡನೆಯ ದಾರಿಯಲ್ಲಿ ಬಂದವರು ಮೇಲಿನ ಮೆಟ್ಟಿಲು ತಲುಪುವ ಹೊತ್ತಿಗೆ ನಿವೃತ್ತಿಯ 60 ವರ್ಷ ಹತ್ತಿರವಾಗಿರುತ್ತದೆ. ಆದರೆ ವೋಚರು ಕೈಯಲ್ಲಿ ಹಿಡಿದ ಕೂಡಲೇ ಎಲ್ಲಿ ತಪ್ಪಿದೆ ಎಂದು ಹೇಳಬಲ್ಲವರು ಇವರೇ.

ಜಿಲ್ಲಾ ಪಂಚಾಯತಿ ಈ ಪಯಣದ ಒಂದು ನಿಲ್ದಾಣ. ವಿಶ್ವವಿದ್ಯಾಲಯದ ಹಣಕಾಸು ಅಧಿಕಾರಿ, ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆರ್ಥಿಕ ಸಲಹೆಗಾರ, ಮಹಾನಗರ ಪಾಲಿಕೆಯ ಮುಖ್ಯ ಲೆಕ್ಕಾಧಿಕಾರಿ, ನಿಗಮ ಮಂಡಳಿಗಳ ಲೆಕ್ಕ ಮುಖ್ಯಸ್ಥ, ಸಚಿವಾಲಯದ ಇಲಾಖೆಯಲ್ಲಿ ಆಂತರಿಕ ಆರ್ಥಿಕ ಸಲಹೆಗಾರ, ಹೀಗೆ ಹುದ್ದೆಗಳು ರಾಜ್ಯದ ತುಂಬ ಹರಡಿವೆ. ಹೆಚ್ಚಿನವು ಬೆಂಗಳೂರಿನಲ್ಲಿವೆ. ಅಲ್ಲಿ ಮಕ್ಕಳ ಓದು, ಆಸ್ಪತ್ರೆ, ಹಣಕಾಸು ಇಲಾಖೆಯ ಸಂಪರ್ಕ ಎಲ್ಲವೂ ಉಂಟು. ಹೀಗಾಗಿ ತುಂಗಭದ್ರೆಯ ಈಚೆಗೆ ವರ್ಗವಾಗಿ ಬಂದವರು ಮರಳಿ ಹೋಗುವ ದಾರಿ ಹುಡುಕುತ್ತಾರೆ. ಅದಕ್ಕಾಗಿ ಅವರನ್ನು ದೂಷಿಸಿ ಉಪಯೋಗವಿಲ್ಲ.

ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಇದಕ್ಕೆ ಪರಿಹಾರವಲ್ಲವೇ ಎಂದು ಯಾರಾದರೂ ಕೇಳಬಹುದು. ಅರ್ಧ ಮಾತ್ರ. ಸಂವಿಧಾನದ 98ನೇ ತಿದ್ದುಪಡಿಯ ಬಳಿಕ 2013ರಲ್ಲಿ ಬಂದ ನೇಮಕಾತಿ ಆದೇಶ ಈ ಭಾಗದ ಸ್ಥಳೀಯ ವೃಂದದಲ್ಲಿ ಗ್ರೂಪ್-ಎ ಕಿರಿಯ ಶ್ರೇಣಿ ಮತ್ತು ಗ್ರೂಪ್-ಬಿ ಹುದ್ದೆಗಳಿಗೆ 75%, ಗ್ರೂಪ್-ಸಿಗೆ 80%, ಗ್ರೂಪ್-ಡಿಗೆ 85% ಮೀಸಲಾತಿ ಕೊಟ್ಟಿತು. ಕಿರಿಯ ಶ್ರೇಣಿಯಿಂದ ಮೇಲಿನ ಹುದ್ದೆಗಳು ಇದರ ವ್ಯಾಪ್ತಿಗೆ ಬರುವುದಿಲ್ಲ. ಅಂದರೆ ಬಿಲ್ಲು ಬರೆಯುವವರು ನಮ್ಮವರು, ಬಿಲ್ಲು ಪಾಸು ಮಾಡುವ ಕುರ್ಚಿಗೆ ಅಂಥ ಖಾತರಿ ಇಲ್ಲ. ಆ ಕುರ್ಚಿ ಖಾಲಿಯಾದರೆ ಪಕ್ಕದ ಹುದ್ದೆಯವರಿಗೆ ‘ಪ್ರಭಾರ’. ಪ್ರಭಾರದವರು ತಮ್ಮ ಮೂಲ ಕೆಲಸ ಮುಗಿಸಿ ಸಂಜೆ ಬಂದು ಕೂರುತ್ತಾರೆ. ದೊಡ್ಡ ಮೊತ್ತದ ಕಡತಕ್ಕೆ ಅವರು ಸಹಿ ಹಾಕಲು ಹಿಂಜರಿಯುವುದು ಸಹಜ.

ಒಂದು ಜಿಲ್ಲೆ, ನಾಲ್ಕು ಗಂಟು

ಮುಖ್ಯ ಲೆಕ್ಕಾಧಿಕಾರಿಯ ಕೆಲಸ ಕಷ್ಟವಾಗುವುದು ಹಣ ಒಂದೇ ಕಡೆಯಿಂದ ಬಾರದಿರುವುದರಿಂದ. ಮೊದಲನೆಯದು ರಾಜ್ಯ ಬಜೆಟ್ಟಿನ ಜಿಲ್ಲಾ ವಲಯದ ಹಣ. ಇದು ರಾಜ್ಯ ಖಜಾನೆಯ ತಂತ್ರಾಂಶವಾದ ಖಜಾನೆ-2 ಮೂಲಕವೇ ಸಾಗಬೇಕು, ಮಾರ್ಚ್ 31ರ ರಾತ್ರಿ ಉಳಿದದ್ದು ಲ್ಯಾಪ್ಸ್, ಅಂದರೆ ಕೈತಪ್ಪಿದಂತೆ. ಎರಡನೆಯದು ಕೇಂದ್ರ ಪುರಸ್ಕೃತ ಯೋಜನೆ. 2021ರ ಜುಲೈ 1ರಿಂದ ಪ್ರತಿ ಯೋಜನೆಗೂ ರಾಜ್ಯಮಟ್ಟದಲ್ಲಿ ಒಂದೇ ನೋಡಲ್ ಖಾತೆ ಎಂಬ ಪದ್ಧತಿ ಬಂತು. ಜಿಲ್ಲೆ, ತಾಲ್ಲೂಕುಗಳಿಗೆ ಶೂನ್ಯ ಶಿಲ್ಕಿನ ಖಾತೆ. ಬಂದ ಬಡ್ಡಿಯನ್ನು ಸರ್ಕಾರಕ್ಕೆ ಮರಳಿ ಕಟ್ಟಬೇಕು. ಹಿಂದೆ ಯೋಜನೆಯ ಹಣವನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿ ಬಳಸಿಕೊಂಡು ರೂಢಿಯಾದ ಕಚೇರಿಗಳು ಇಲ್ಲಿಯೇ ಎಡವುತ್ತವೆ. ಮೂರನೆಯದು ಕಲ್ಯಾಣ ಕರ್ನಾಟಕ ಮಂಡಳಿಯ ಹಣ. ಕ್ರಿಯಾಯೋಜನೆ ಮಂಜೂರಾದಂತೆ ಕಂತುಗಳಲ್ಲಿ ಬರುತ್ತದೆ, ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗದಿದ್ದರೆ ಮುಂದಿನದು ನಿಲ್ಲುತ್ತದೆ.

ನಾಲ್ಕನೆಯದು ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ. ಇದರ ಲೆಕ್ಕ ಜಿಲ್ಲಾ ಪಂಚಾಯತಿಯದಲ್ಲ, ಪ್ರತಿಷ್ಠಾನದ್ದು. ಆದರೆ ಕಾಮಗಾರಿ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗಕ್ಕೆ ಬಂದರೆ ಬಿಲ್ಲು ಇದೇ ಮೇಜಿಗೆ ಬರುತ್ತದೆ. ಸಂಡೂರಿನ ಕಬ್ಬಿಣದ ಅದಿರಿನಿಂದಾಗಿ ಬಳ್ಳಾರಿಗೆ ಇದು ದೊಡ್ಡ ಗಂಟು, ಹಟ್ಟಿ ಚಿನ್ನದ ಗಣಿಯಿಂದ ರಾಯಚೂರಿಗೂ ಒಂದು ಪಾಲು. ಅದಿರಿನ ಸರಾಸರಿ ಮಾರಾಟ ಬೆಲೆ ಟನ್ನಿಗೆ 4,000 ರೂಪಾಯಿ ಎಂದಿಟ್ಟುಕೊಳ್ಳಿ. ರಾಜಧನ 15%, ಅಂದರೆ 600 ರೂಪಾಯಿ. ಗುತ್ತಿಗೆ 2015ರ ಜನವರಿ 12ಕ್ಕೆ ಮೊದಲಿನದಾದರೆ ಅದರ 30%, ಅಂದರೆ ಟನ್ನಿಗೆ 180 ರೂಪಾಯಿ ಪ್ರತಿಷ್ಠಾನಕ್ಕೆ. ಆಮೇಲೆ ಹರಾಜಿನಲ್ಲಿ ಪಡೆದ ಗುತ್ತಿಗೆಯಾದರೆ 10%, ಬರೀ 60 ರೂಪಾಯಿ. ಹಳೆಯ ಗುತ್ತಿಗೆಗಳ ಅವಧಿ ಮುಗಿದು ಅದೇ ಗಣಿ ಹರಾಜಾದಾಗ ಪ್ರತಿಷ್ಠಾನದ ವರಮಾನ ಟನ್ನಿಗೆ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಐದು ವರ್ಷದ ಕ್ರಿಯಾಯೋಜನೆ ಮಾಡುವಾಗ ಈ ಲೆಕ್ಕ ಹಾಕದಿದ್ದರೆ ಅರ್ಧಕ್ಕೆ ನಿಂತ ಕಟ್ಟಡಗಳು ಉಳಿಯುತ್ತವೆ. ಪ್ರತಿಷ್ಠಾನದ ಹಣ ಮಾರ್ಚಿಗೆ ಲ್ಯಾಪ್ಸ್ ಆಗುವುದಿಲ್ಲ. 2024ರ ಪರಿಷ್ಕೃತ ಮಾರ್ಗಸೂಚಿಯಂತೆ ಕನಿಷ್ಠ 70% ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತಾ ವಲಯಗಳಿಗೆ ಹೋಗಬೇಕು. ಮೊದಲು ಇದು 60% ಇತ್ತು.

ನಾಲ್ಕು ಗಂಟಿಗೂ ನಗದು ವಹಿ ಬೇರೆ, ತಂತ್ರಾಂಶ ಬೇರೆ, ಆಡಿಟ್ ಬೇರೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿ ಲೆಕ್ಕವನ್ನು ಮಹಾಲೇಖಪಾಲರ ಕಡೆಯವರು ಪರಿಶೋಧಿಸುತ್ತಾರೆ, ಗ್ರಾಮ ಪಂಚಾಯತಿ ಲೆಕ್ಕವನ್ನು ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯವರು. ಒಂದೇ ಊರಿನ ಒಂದೇ ಶಾಲೆಗೆ ಕೊಠಡಿ ಮಂಡಳಿಯಿಂದ, ಕಾಂಪೌಂಡು ಖನಿಜ ನಿಧಿಯಿಂದ, ಶೌಚಾಲಯ ಕೇಂದ್ರದ ಯೋಜನೆಯಿಂದ ಬಂದಿರಬಹುದು. ಅದೇ ಕಾಂಪೌಂಡಿಗೆ ಎರಡನೇ ಸಲ ಬಿಲ್ಲು ಬಂದರೆ ಹಿಡಿಯಬಲ್ಲವರು ಆ ಕಚೇರಿಯಲ್ಲಿ ಎರಡು ವರ್ಷವಾದರೂ ಕೂತಿದ್ದವರು. ಮೂರೇ ತಿಂಗಳ ಹಿಂದೆ ಬಂದ ಎಷ್ಟೇ ಜಾಣ ಅಧಿಕಾರಿಗೂ ಅದು ಕಣ್ಣಿಗೆ ಬೀಳದು.

ಈ ಸೀಮೆಯ ಇತಿಹಾಸದಲ್ಲೂ ಲೆಕ್ಕದ ಬಾಕಿಯ ಪಾತ್ರ ದೊಡ್ಡದು. 1800ರಲ್ಲಿ ನಿಜಾಮರು ಕಂಪನಿ ಸೈನ್ಯದ ಖರ್ಚಿಗೆಂದು ಬಳ್ಳಾರಿ ಸೀಮೆಯನ್ನು ಬಿಟ್ಟುಕೊಟ್ಟರು. ಥಾಮಸ್ ಮನ್ರೊ ಕಲೆಕ್ಟರನಾಗಿ ಬಂದು 1807ರವರೆಗೂ ಇಲ್ಲೇ ಇದ್ದು ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದ. ಸೈನ್ಯದ ಬಾಕಿಗಾಗಿಯೇ 1853ರಲ್ಲಿ ರಾಯಚೂರು ದೋಆಬ್ ಬ್ರಿಟಿಷರ ಕೈಗೆ ಹೋಗಿ 1860ರಲ್ಲಿ ಮರಳಿತು. ಮನ್ರೊನಂತೆ ಏಳು ವರ್ಷ ಒಂದೇ ಸೀಮೆಯಲ್ಲಿ ನಿಂತು ಹೊಲಹೊಲದ ಲೆಕ್ಕ ತಿಳಿದ ಹಣಕಾಸು ಅಧಿಕಾರಿ ಈ ಭಾಗಕ್ಕೆ ಅಪರೂಪವೇ.

ಒಂದು ಬಿಲ್ಲಿನ ಒಳಗೆ

ಸಿಂಧನೂರು ತಾಲ್ಲೂಕಿನಲ್ಲಿ ಒಂದು ಅಂಗನವಾಡಿ ಕಟ್ಟಡ ಮುಗಿದಿದೆ, ಕಾಮಗಾರಿ ಮೌಲ್ಯ 10,00,000 ರೂಪಾಯಿ ಎಂದಿಟ್ಟುಕೊಳ್ಳೋಣ. ಇದಕ್ಕೆ 18% ಜಿಎಸ್‌ಟಿ ಸೇರಿ ಬಿಲ್ಲು 11,80,000. ಕಡಿತಗಳು ಹೀಗೆ: ಪಾವತಿಯಲ್ಲೇ ಮುರಿದುಕೊಳ್ಳುವ ಆದಾಯ ತೆರಿಗೆ, ಅಂದರೆ ಟಿಡಿಎಸ್, ಗುತ್ತಿಗೆದಾರ ಒಬ್ಬ ವ್ಯಕ್ತಿಯಾದರೆ 1%, ಪಾಲುದಾರಿಕೆ ಸಂಸ್ಥೆಯಾದರೆ 2%. ಸಂಸ್ಥೆ ಎಂದುಕೊಂಡರೆ 20,000. ಒಪ್ಪಂದ ಎರಡೂವರೆ ಲಕ್ಷ ಮೀರಿರುವುದರಿಂದ ಜಿಎಸ್‌ಟಿ ಟಿಡಿಎಸ್ 2%, 20,000. ಕಟ್ಟಡ ಕಾರ್ಮಿಕರ ಸೆಸ್ 1%, 10,000. ಒಪ್ಪಂದದಲ್ಲಿ ಭದ್ರತಾ ಠೇವಣಿ 5% ಎಂದಿದ್ದರೆ 50,000. ಒಟ್ಟು ಕಡಿತ 1,00,000, ಗುತ್ತಿಗೆದಾರನ ಖಾತೆಗೆ 10,80,000. ಜಲ್ಲಿ, ಮರಳಿಗೆ ರಾಜಧನ ಕಟ್ಟಿದ ಸಾಗಣೆ ಪರವಾನಗಿ ಲಗತ್ತಿಸದಿದ್ದರೆ ಅದನ್ನೂ ಇದರಲ್ಲೇ ಮುರಿಯಬೇಕು.

ತಪ್ಪಾಗುವುದು ಎಲ್ಲಿ? ಟಿಡಿಎಸ್ ಅನ್ನು 10 ಲಕ್ಷದ ಮೇಲೆ ಲೆಕ್ಕ ಹಾಕುವ ಬದಲು 11.80 ಲಕ್ಷದ ಮೇಲೆ ಹಾಕುವುದು ತೀರಾ ಸಾಮಾನ್ಯ. ಜಿಎಸ್‌ಟಿ ಮುರಿದರೂ ಮುಂದಿನ ತಿಂಗಳ 10ರೊಳಗೆ ರಿಟರ್ನ್ ಹಾಕದೆ ಬಿಡುವುದು ಇನ್ನೂ ಸಾಮಾನ್ಯ. ಆಗ ಗುತ್ತಿಗೆದಾರನಿಗೆ ಆ ಹಣದ ಜಮೆ ಕಾಣುವುದಿಲ್ಲ, ತಡವಾದ ಶುಲ್ಕ ಕಚೇರಿಯ ಮೇಲೆ ಬೀಳುತ್ತದೆ.

ಆದರೆ ಬಿಲ್ಲು ವಾಪಸಾಗುವುದು ಹೆಚ್ಚಾಗಿ ಲೆಕ್ಕ ಶೀರ್ಷಿಕೆಯಿಂದ. ಕರ್ನಾಟಕದಲ್ಲಿ ಶೀರ್ಷಿಕೆ 15 ಅಂಕಿಯದು. ಮೊದಲ ನಾಲ್ಕು ಅಂಕಿ ಪ್ರಧಾನ ಶೀರ್ಷಿಕೆ, 2202 ಎಂದರೆ ಸಾಮಾನ್ಯ ಶಿಕ್ಷಣ, 2210 ಎಂದರೆ ವೈದ್ಯಕೀಯ ಮತ್ತು ಆರೋಗ್ಯ. ಕೊನೆಯ ಮೂರು ಅಂಕಿ ಹಣ ಯಾವ ಬಾಬಿಗೆ ಎಂದು ಹೇಳುತ್ತವೆ. 059 ಇತರೆ ವೆಚ್ಚ, 422 ಪರಿಶಿಷ್ಟ ಜಾತಿ ಉಪಯೋಜನೆ, 423 ಗಿರಿಜನ ಉಪಯೋಜನೆ. 422ರ ಹಣವನ್ನು ಪರಿಶಿಷ್ಟ ಜಾತಿಯವರಿಗೆ ಸಂಬಂಧಿಸದ ಕಾಮಗಾರಿಗೆ ತೋರಿಸಿದರೆ ಖಜಾನೆಯ ತಂತ್ರಾಂಶ ತಡೆಯುವುದಿಲ್ಲ, ಅಂಕಿ ಸರಿಯಿದ್ದರೆ ಅದು ಬಿಡುತ್ತದೆ. ತಡೆಯಬೇಕಾದವರು ಲೆಕ್ಕಾಧಿಕಾರಿ. ಬಜೆಟ್ ಪುಸ್ತಕದ ಜೊತೆಗೆ ಊರಿನ ಓಣಿಗಳ ಪರಿಚಯವೂ ಇದ್ದರೆ ಮಾತ್ರ ಅದು ಸಾಧ್ಯ.

ಅಳತೆ ಪುಸ್ತಕ, ಅಂದರೆ ಎಂ.ಬಿ., ಇನ್ನೊಂದು ಜಾಗ. ನುರಿತವರು ಮೊತ್ತ ನೋಡುವ ಮೊದಲು ದಿನಾಂಕ ನೋಡುತ್ತಾರೆ. ಕಾರ್ಯಾದೇಶದ ದಿನಾಂಕಕ್ಕಿಂತ ಮೊದಲೇ ಅಡಿಪಾಯದ ಅಳತೆ ಬರೆದಿದೆಯೇ? ಹಿರಿಯ ಎಂಜಿನಿಯರರ ಮರು ಅಳತೆ ಒಂದೇ ದಿನ ಮೂರು ತಾಲ್ಲೂಕಿನಲ್ಲಿ ನಡೆದಂತೆ ಇದೆಯೇ? ಸಿಮೆಂಟಿನ ಇನ್‌ವಾಯ್ಸ್ ಪ್ಲಾಸ್ಟರ್ ಮುಗಿದ ಮೇಲಿನದೇ? ಅಂದಾಜಿಗಿಂತ ಹೆಚ್ಚಾದ ಪರಿಮಾಣಕ್ಕೆ ಮಂಜೂರಾತಿ ಇದೆಯೇ? ಒಂದು ಬಿಲ್ಲಿಗೆ ಇಷ್ಟು ನೋಡಲು ಅರ್ಧ ಗಂಟೆ ಬೇಕು. ಮಾರ್ಚ್ 30ರಂದು ಇನ್ನೂರು ಬಿಲ್ಲು ಮುಂದಿದ್ದರೆ ಒಟ್ಟು ನೂರು ಗಂಟೆಯಾಯಿತು. ಒಬ್ಬರು ಎರಡು ದಿನದಲ್ಲಿ ಅಷ್ಟನ್ನು ನೋಡಲಾರರು, ಸಹಿಯನ್ನಷ್ಟೇ ಹಾಕಬಲ್ಲರು.

ಎಲ್ಲ ದಾಟಿ ಹೋದ ಮೇಲೂ ಬ್ಯಾಂಕಿನಿಂದ ಹಣ ವಾಪಸು ಬರುವುದುಂಟು. ಖಜಾನೆ-2ರಲ್ಲಿ ಹಣ ಪಡೆಯುವವರ ಗುರುತಿನ ಸಂಖ್ಯೆಗೆ ಹಳೆಯ ಖಾತೆ, ಹಳೆಯ ಐಎಫ್‌ಎಸ್‌ಸಿ ಜೋಡಣೆಯಾಗಿರುತ್ತದೆ. ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ ವಿಲೀನವಾಗಿ 2021ರ ಜುಲೈಗೆ ಹಳೆಯ ಕೋಡ್ ನಿಂತಾಗ ಎಷ್ಟೋ ಪಾವತಿಗಳು ಹೀಗೆ ಮರಳಿದವು. 2025ರ ಮೇ 1ರಂದು ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳು ಒಂದಾಗಿ ಬಳ್ಳಾರಿಯನ್ನೇ ಕೇಂದ್ರ ಕಚೇರಿಯಾಗಿಸಿಕೊಂಡ ಕರ್ನಾಟಕ ಗ್ರಾಮೀಣ ಬ್ಯಾಂಕ್ ಬಂದಿದೆ. ಆ ಬ್ಯಾಂಕಿನ ಖಾತೆದಾರರ ವಿವರಗಳನ್ನು ಪ್ರತಿ ಕಚೇರಿ ವರ್ಷದ ಆರಂಭದಲ್ಲೇ ಒಮ್ಮೆ ತಾಳೆ ನೋಡುವುದು ಒಳ್ಳೆಯದು.

ತಡೆದವರಿಗೆ ನಷ್ಟವಿಲ್ಲ

ಪಂಚಾಯತ್ ರಾಜ್ ಕಾಯ್ದೆ ಮುಖ್ಯ ಲೆಕ್ಕಾಧಿಕಾರಿಗೆ ಎರಡು ಪಾತ್ರ ಕೊಟ್ಟಿದೆ. ಹಣಕಾಸಿನ ವಿಷಯದಲ್ಲಿ ಪಂಚಾಯತಿಗೆ ಸಲಹೆ ಕೊಡಬೇಕು, ಬಜೆಟ್ಟಿನಲ್ಲಿ ಅವಕಾಶವಿಲ್ಲದ ಅಥವಾ ನಿಯಮಕ್ಕೆ ಹೊರತಾದ ವೆಚ್ಚವನ್ನು ತಡೆಯಲೂ ಬೇಕು. ಆದರೆ ಆಡಳಿತದಲ್ಲಿ ಅವರು ಸಿಇಒ ಕೈಕೆಳಗಿನವರು. ಯಾರ ಕಡತಕ್ಕೆ ಬೇಡ ಎನ್ನಬೇಕೋ ಅವರ ಕೈಯಲ್ಲೇ ತಮ್ಮ ರಜೆ, ಸಭೆ, ಮರ್ಯಾದೆ ಎಲ್ಲ ಇರುತ್ತದೆ. ಹಿಂದೆ ಇದಕ್ಕೊಂದು ಸಮತೋಲನವಿತ್ತು. ಚುನಾಯಿತ ಸದಸ್ಯರ ಹಣಕಾಸು, ಲೆಕ್ಕಪರಿಶೋಧನೆ ಮತ್ತು ಯೋಜನಾ ಸ್ಥಾಯಿ ಸಮಿತಿ ಸಭೆ ಸೇರುತ್ತಿತ್ತು, ತಡೆದ ಬಿಲ್ಲಿನ ಕಾರಣ ಕೇಳುತ್ತಿತ್ತು. 2021ರಲ್ಲಿ ಅವಧಿ ಮುಗಿದ ಮೇಲೆ ಜಿಲ್ಲಾ, ತಾಲ್ಲೂಕು ಪಂಚಾಯತಿಗಳಿಗೆ ಚುನಾವಣೆ ನಡೆಯದೆ ಆಡಳಿತಾಧಿಕಾರಿಗಳ ಆಳ್ವಿಕೆ ನಡೆದುಬಂದಿದೆ. ಲೆಕ್ಕಾಧಿಕಾರಿಯ ಬೆನ್ನಿಗೆ ನಿಲ್ಲುವವರೂ ಇಲ್ಲ, ತಪ್ಪಿದರೆ ಎದುರು ನಿಲ್ಲುವವರೂ ಇಲ್ಲ.

ಇಂಥ ಸ್ಥಿತಿಯಲ್ಲಿ ಒಬ್ಬ ಹಿರಿಯ ಅಧಿಕಾರಿ ಹೇಗೆ ಯೋಚಿಸುತ್ತಾರೆ? ಬಿಲ್ಲಿಗೆ ಆಕ್ಷೇಪಣೆ ಬರೆದು ಹಿಂದಕ್ಕೆ ಕಳಿಸಿದರೆ ಅವರಿಗೆ ಏನೂ ಆಗದು. ಪಾಸು ಮಾಡಿದ ಬಿಲ್ಲಿನಲ್ಲಿ ದೋಷ ಕಂಡರೆ ಆಡಿಟ್ ಪ್ಯಾರಾ, ಅಂದರೆ ಲೆಕ್ಕಪರಿಶೋಧಕರ ಲಿಖಿತ ಆಕ್ಷೇಪಣೆ, ಅವರ ಹೆಸರಿಗೆ. ಆ ಪ್ಯಾರಾ ವರ್ಗಾವಣೆಯ ಜೊತೆಗೇ ಹಿಂಬಾಲಿಸುತ್ತದೆ. ನಿವೃತ್ತಿಯ ಹೊತ್ತಿಗೆ ಬೇಬಾಕಿ ಪ್ರಮಾಣಪತ್ರ ಸಿಗದೆ ಉಪದಾನ (ಗ್ರಾಚ್ಯುಟಿ) ತಡವಾಗಬಹುದು. ಕರ್ನಾಟಕ ನಾಗರಿಕ ಸೇವಾ ನಿಯಮ 214ರ ಪ್ರಕಾರ ನಿವೃತ್ತಿಯ ನಂತರವೂ ಇಲಾಖಾ ವಿಚಾರಣೆ ಆರಂಭಿಸಬಹುದು. ಘಟನೆ ನಡೆದು ನಾಲ್ಕು ವರ್ಷ ದಾಟಿರಬಾರದು ಎಂಬುದಷ್ಟೇ ಮಿತಿ. ಈ ಮೂರು ವಿಷಯ ಗೊತ್ತಿದ್ದ ಅಧಿಕಾರಿ ಅನುಮಾನ ಬಂದ ಬಿಲ್ಲನ್ನು ಜೂನ್‌ವರೆಗೆ ಎಳೆಯುತ್ತಾರೆ, ಅಷ್ಟರಲ್ಲಿ ವರ್ಗಾವಣೆ ಆದೇಶ ಬರುತ್ತದೆ. ಎಳೆದ ಬಿಲ್ಲಿನಲ್ಲಿ ಕಳ್ಳ ಬಿಲ್ಲೂ ಇರುತ್ತದೆ, ಸಾಲ ಮಾಡಿ ಪ್ರಾಮಾಣಿಕವಾಗಿ ಶಾಲೆ ಕಟ್ಟಿದ ಸಣ್ಣ ಗುತ್ತಿಗೆದಾರನ ಬಿಲ್ಲೂ ಇರುತ್ತದೆ.

ಇದರ ಇನ್ನೊಂದು ಬದಿ ಹೆಚ್ಚು ಅಪಾಯದ್ದು. ಮಾರ್ಚಿನಲ್ಲಿ ಲ್ಯಾಪ್ಸ್ ತಪ್ಪಿಸಲು ಹಣವನ್ನು ಖಜಾನೆಯಿಂದ ಸೆಳೆದು ಕಾಮಗಾರಿ ಏಜೆನ್ಸಿಯ ಬ್ಯಾಂಕ್ ಖಾತೆಗೆ ಹಾಕುವುದು. ಪುಸ್ತಕದಲ್ಲಿ ಅದು ಆ ದಿನವೇ ‘ಖರ್ಚು’, ಪ್ರಗತಿ ವರದಿಯಲ್ಲಿ 95%, ನೆಲದ ಮೇಲೆ ಗುಂಡಿಯೂ ತೋಡಿರುವುದಿಲ್ಲ. ಸಾದಿಲ್ವಾರು (ಕಚೇರಿಯ ಚಿಲ್ಲರೆ ವೆಚ್ಚದ) ಮುಂಗಡವನ್ನು ಎಸಿ ಎಂಬ ಮುಂಗಡ ಬಿಲ್ಲಿನಲ್ಲಿ ಸೆಳೆದರೆ ಖರ್ಚಿನ ವಿವರವಿರುವ ಎನ್‌ಡಿಸಿ ಬಿಲ್ಲನ್ನು ಮುಂದಿನ ತಿಂಗಳ 15ರೊಳಗೆ ಕೊಡಬೇಕೆಂಬ ನಿಯಮವಿದೆ. ಏಜೆನ್ಸಿಗೆ ಕೊಟ್ಟ ಮುಂಗಡಕ್ಕೆ ಅಂಥ ಬಿಗಿ ಇಲ್ಲ. ಹಣ ಒಮ್ಮೆ ಖಜಾನೆಯ ಹೊರಗಿನ ಖಾತೆಗೆ ಹೋಯಿತೆಂದರೆ ಖಜಾನೆ-2ರ ಮೂರು ಹಂತದ ಲಾಗಿನ್, ಅಂದರೆ ವಿಷಯ ನಿರ್ವಾಹಕ, ಅಧೀಕ್ಷಕ, ಹಣ ಸೆಳೆಯುವ ಅಧಿಕಾರಿ (ಡಿಡಿಒ) ಎಂಬ ತಡೆಗಳು ಯಾವುವೂ ಅಲ್ಲಿ ಇರುವುದಿಲ್ಲ. 2024ರಲ್ಲಿ ರಾಜ್ಯದ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಕೋಟ್ಯಂತರ ರೂಪಾಯಿ ಬ್ಯಾಂಕ್ ಖಾತೆಗಳಿಂದ ಅಕ್ರಮವಾಗಿ ವರ್ಗಾವಣೆಯಾದ ಪ್ರಕರಣ ಹೊರಬಿದ್ದದ್ದು ಅಲ್ಲಿನ ಲೆಕ್ಕ ವಿಭಾಗದ ಅಧೀಕ್ಷಕರೊಬ್ಬರು ಪ್ರಾಣ ಕಳೆದುಕೊಂಡ ಮೇಲೆ. ಪರಿಶಿಷ್ಟ ಪಂಗಡದ ಜನ ಹೆಚ್ಚಿರುವ ಬಳ್ಳಾರಿ, ರಾಯಚೂರಿನಲ್ಲಿ ಆ ಸುದ್ದಿ ಓದಿದವರ ಹೊಟ್ಟೆ ಉರಿಯಿತು. ಆ ಹಣ ಯಾರ ಬೋರ್‌ವೆಲ್ಲಿಗೆ, ಯಾರ ಮಗಳ ಓದಿಗೆ ಎಂದು ಇಲ್ಲಿಯವರಿಗೆ ಚೆನ್ನಾಗಿ ಗೊತ್ತು.

ಏನು ಮಾಡಬಹುದು? ಹಿರಿಯ ಲೆಕ್ಕ ಹುದ್ದೆಗಳಿಗೆ ಈ ಭಾಗದಲ್ಲಿ ಎರಡು ಪೂರ್ಣ ಆರ್ಥಿಕ ವರ್ಷ, ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಎರಡು ಸುತ್ತು, ಕಡ್ಡಾಯ ಮಾಡಬೇಕು. ವರ್ಗಾವಣೆಯನ್ನು ಜೂನ್ ನಡುವೆ ಮಾಡದೆ ವಾರ್ಷಿಕ ಲೆಕ್ಕ ಸಲ್ಲಿಸಿದ ಮೇಲೆ ಮಾಡಬೇಕು. ಇಲ್ಲಿ ಎರಡು ಸುತ್ತು ಮುಗಿಸಿದವರಿಗೆ ಮುಂದಿನ ಸ್ಥಳ ಆಯ್ಕೆಯಲ್ಲಿ ಆದ್ಯತೆ ಕೊಟ್ಟರೆ ಬರಲು ಹಿಂಜರಿಯುವವರು ಕಡಿಮೆಯಾಗುತ್ತಾರೆ. ಬಿಲ್ಲನ್ನು ತಡೆದರೆ ಏಳು ದಿನದೊಳಗೆ ನಿಯಮದ ಸಂಖ್ಯೆ ಸಹಿತ ಬರೆದು ಕೊಡಬೇಕು, ಎರಡನೇ ಸಲ ಹೊಸ ಆಕ್ಷೇಪಣೆ ಹಾಕಬಾರದು. ಕಂತು ಕಂತಾಗಿ ಒಂದೊಂದೇ ಆಕ್ಷೇಪಣೆ ಹಾಕುವ ಪದ್ಧತಿಯೇ ಹಲವು ಕಚೇರಿಗಳಲ್ಲಿ ವಿಳಂಬದ ದೊಡ್ಡ ಮೂಲ, ಲಂಚಕ್ಕೂ ಅದೇ ಬಾಗಿಲು. ಬಿಲ್ಲಿನ ಹೊರೆ ಮಾರ್ಚಿಗೆ ಬೀಳದಿರಲು ಟೆಂಡರು ಆಗಸ್ಟಿನೊಳಗೆ ಮುಗಿಯಬೇಕು. ಅದು ಲೆಕ್ಕಾಧಿಕಾರಿಯ ಕೈಯಲ್ಲಿಲ್ಲ, ಕ್ರಿಯಾಯೋಜನೆಗೆ ಸಹಿ ಹಾಕಲು ತಿಂಗಳುಗಟ್ಟಲೆ ತೆಗೆದುಕೊಳ್ಳುವವರ ಕೈಯಲ್ಲಿದೆ.

ಇವೆಲ್ಲ ಬೆಂಗಳೂರಿನಲ್ಲಿ ಆಗಬೇಕಾದ ಆದೇಶಗಳು. ಜಿಲ್ಲೆಯಲ್ಲೇ ನಾಳೆ ಬೆಳಿಗ್ಗೆ ಶುರುಮಾಡಬಹುದಾದ ಕೆಲಸವೂ ಒಂದಿದೆ. ಅಧಿಕಾರಿ ಬದಲಾದ ದಿನ ಖಜಾನೆ-2, ಕೇಂದ್ರದ ಯೋಜನೆಗಳ ಹಣ ಸಾಗುವ ಪಿಎಫ್‌ಎಂಎಸ್‌ನಂಥ ಪ್ರತಿ ತಂತ್ರಾಂಶದಲ್ಲೂ ಹೊಸಬರ ಡಿಜಿಟಲ್ ಸಹಿ ನೋಂದಾಯಿಸಬೇಕು. ಅದು ಆಗುವವರೆಗೆ ಸಂಬಳದ ಬಿಲ್ಲೂ ನಿಲ್ಲುತ್ತದೆ. ಹೋಗುವವರು ಕೊಡುವ ಪ್ರಭಾರ ಹಸ್ತಾಂತರ ಪತ್ರದಲ್ಲಿ, ಕಚೇರಿಯ ಮಾತಿನಲ್ಲಿ ಸಿಟಿಸಿಯಲ್ಲಿ, ನಗದು ವಹಿಯ ಶಿಲ್ಕು, ಚೆಕ್ ಪುಸ್ತಕದ ಸಂಖ್ಯೆ, ಬೀಗದ ಕೈ ಬರೆದಿರುತ್ತಾರೆ. ಅದಕ್ಕೆ ಇನ್ನೊಂದು ಹಾಳೆ ಸೇರಿಸಿದರೆ ಸಾಕು: ಪಾಸಾಗದೆ ಉಳಿದ ಬಿಲ್ಲಿನ ಸಂಖ್ಯೆ, ಯಾವ ಗಂಟಿನ ಹಣ, ತಡೆದ ಕಾರಣ, ಕಾರಣ ಸರಿಪಡಿಸಲು ಯಾರಿಂದ ಯಾವ ಕಾಗದ ಬರಬೇಕು. ಈ ನಾಲ್ಕು ಕಾಲಮ್ಮು ತುಂಬಿದ ಹಾಳೆ ಕೈಯಲ್ಲಿದ್ದರೆ ಹೊಸ ಸಾಹೇಬರು ಮೊದಲ ವಾರದಲ್ಲೇ ಹಳೆಯ ಕಟ್ಟು ಬಿಚ್ಚಬಹುದು.